ನೀರಾಗಿನ ಗಿರಣಿ

ಮುಧೋಳ
ಬುಧವಾರ, ೧೨ ನವೆಂಬರ್ ೨೦೨೫

ನನ್ನ ಕಿವಿಗೆ ವಾರಸುದಾರಳಾದ ಮಗಳು ಕಾವ್ಯಾಳಿಗೆ, ನಿನ್ನ ದೊಡ್ಡಪ್ಪ ಸಿದರಾಯ ಬರೆಯುವುದು.

ಡಬ್ಬಿ ಸೋಮವಾರವೇ ಮುಟ್ಟಿತು. ಜಮಖಂಡಿ ಬಸ್ಸಿನ ಕಂಡಕ್ಟರ್ ನನ್ನ ಅಂಗಡಿಯ ಬಾಗಿಲಲ್ಲಿ ನಿಂತು, "ಸಿದರಾಯಣ್ಣಾ, ನಿಮ್ಮ ಹುಡಿಗಿ ಬುತ್ತಿ ಕಳಿಸ್ಯಾಳ ನೋಡ್ರಿ. ವಾಸನಿ ತಡೀಲಿಲ್ಲ, ಒಂದ ಹೋಳಗಿ ತಿಂದೇನಿ, ಸಿಟ್ಟಾಗಬ್ಯಾಡ್ರಿ" ಎಂದ. ತಿಂದದ್ದು ಮೂರು. ಹತ್ತು ಕಳಿಸಿದ್ದೇನೆ ಎಂದು ನೀನು ಕಾಗದದಲ್ಲಿ ಬರೆದಿರುವುದು ಆ ಮಹಾರಾಯನಿಗೆ ಹೇಗೆ ಗೊತ್ತಾಗಬೇಕು! ಹೋಳಿಗೆಯ ಕೆಳಗೆ ಮೆಮರಿ ಕಾರ್ಡು ಭದ್ರವಾಗಿತ್ತು, ಅಷ್ಟು ಸಾಕು.

ಯಂತ್ರದ ಸಂಗೀತ ಹಂಚಿಕೊಂಡು ಕೇಳುವುದಕ್ಕೆ ಊರವರು ಟುಂಯ್ ಟುಂಯ್ ಬಳಗ ಎಂದು ಹೆಸರಿಟ್ಟು ನಗುವ ನಮ್ಮ ನಾಲ್ಕು ಮಂದಿಯಲ್ಲಿ ನಿಯಮ ಪಾಲಿಸುತ್ತಿರುವವಳು ನೀನೊಬ್ಬಳೇ. ಜಮಖಂಡಿಯ ಶಿವಯೋಗಿ ಮಾಸ್ತರು, ಬೀಳಗಿಯ ಸುಭಾಷ್ ಇಬ್ಬರೂ ಫೋನಿನ ಗುಂಪಿನಲ್ಲಿ ದಿನಕ್ಕೆ ಹತ್ತು ಲಿಂಕು ಎಸೆದು ಕೈ ತೊಳೆದುಕೊಳ್ಳುತ್ತಾರೆ. ಹೆಬ್ಬೆರಳಿನಿಂದ ತಳ್ಳಿದ್ದು ಶಿಫಾರಸೇ? ಯಾಕೆ ಕೇಳಬೇಕು ಎಂದು ಕೈಯಿಂದ ಬರೆಯಬೇಕು, ಕೇಳುವವನು ಒಬ್ಬನೇ ಕುಳಿತು ಮೂರು ಸಲ ಕೇಳಿ ಆಮೇಲೆ ಬಾಯಿ ಬಿಡಬೇಕು. ಮೂರು ಸಲ ಕೇಳಿದ್ದೇನೆ. ಈಗ ಬಾಯಿ ಬಿಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ ಕಾವ್ಯಾ, ಈ ಪತ್ರ ಹಾಡಿನ ಮಾತಿನಿಂದ ಶುರುವಾಗಿ ನಿನ್ನ ಅಪ್ಪನ ಮಾತಿಗೆ ಹೋಗುತ್ತದೆ. ಭಾನುವಾರ ಶಿವಯೋಗಿಯ ಟ್ಯೂಷನ್ ಹಾಲಿನಲ್ಲಿ ಕಾರ್ಡಿನ ನಾಲ್ಕನೆಯ ಹಾಡನ್ನು ಜನರಿಗೆ ಕೇಳಿಸುತ್ತೇನೆ, ಬನಹಟ್ಟಿಯಿಂದ ಅವ್ವನನ್ನು ಕರೆಸಿ ಮುಂದಿನ ಕುರ್ಚಿಯಲ್ಲಿ ಕೂರಿಸುತ್ತೇನೆ ಎಂದು ಬರೆದಿದ್ದೀ. ನಿನ್ನ ಅವ್ವ ಹಾಲವ್ವ ಅದನ್ನು ಕೇಳಬಾರದು. ನಾನು ಹೋಗಿ ಅವಳೆದುರು ಕುಳಿತು ಒಂದು ಸಂಗತಿ ಹೇಳುವ ತನಕ ಅವಳ ಕಿವಿಗೆ ಅದು ಬೀಳಬಾರದು. ಇದೊಂದು ನಡೆಸಿಕೊಡು. ಯಾಕೆ ಎಂದು ಮುಂದೆ ಬರೆದಿದ್ದೇನೆ. ಧೈರ್ಯ ಬರಲಿ ಎಂದು ಮೊದಲು ಉಳಿದ ಮೂರರ ಮಾತಾಡುತ್ತೇನೆ, ನಿನ್ನ ದೊಡ್ಡಪ್ಪ ಹೆದರುಪುಕ್ಕಲ ಎಂದು ತಿಳಿ.

ಆ ಪುಣೆಯ ಹುಡುಗಿಯ ಇಪ್ಪತ್ತು ನಿಮಿಷದ ಹಾಡು. ಒಂದೇ ಸ್ವರ! ಮೊದಲ ಸಲ ಕೇಳಿದಾಗ ಪಕ್ಕದ ಅಂಗಡಿಯ ಫ್ರಿಜ್ ಕೆಟ್ಟಿದೆಯೆಂದು ಎದ್ದು ಹೋಗಿ ನೋಡಿ ಬಂದೆ. ಎರಡನೆಯ ಸಲ ನಿನ್ನನ್ನು ಬೈದೆ. ಮೂರನೆಯ ಸಲಕ್ಕೆ ಆ ಒಂದು ಸ್ವರದ ಹೊಟ್ಟೆಯಲ್ಲಿ ಇನ್ನೊಂದು ಸಣ್ಣಗೆ ಅಲ್ಲಾಡುವುದು ಕೇಳಿಸಿತು ನೋಡು, ಮೈ ಜುಮ್ಮೆಂದಿತು. ಅವಳಿಗೆ ತಾಳ್ಮೆ ಇದೆ. ಎರಡನೆಯದು, ಆ ಡಬ್ ಡಬ್ ಎನ್ನುವ ಓಟದ ಹಾಡು, ನನಗಲ್ಲ. ಈಗ ಕಬ್ಬಿನ ಸುಗ್ಗಿ, ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ದಿನವಿಡೀ ಅದನ್ನೇ ಹಾಕಿಕೊಂಡು ನನ್ನ ಅಂಗಡಿಯ ಮುಂದೆ ಹೋಗುತ್ತವೆ. ಹರಿದ ಸ್ಪೀಕರ್ ತಂದು, "ಕಾಕಾ, ಎದಿ ಒಡೀಬೇಕ ಹಂಗ ಮಾಡಿ ಕೊಡ್ರಿ" ಎನ್ನುತ್ತಾರೆ. ಕೋಣನ ಮುಂದೆ ಕಿನ್ನರಿ. ಎದೆ ಒಡೆಯುವುದು ಸುಲಭ, ಎದೆಯನ್ನು ಕಾಯಿಸುವುದು ಕಷ್ಟ ಎಂದರೆ ಮುಖ ಮುಖ ನೋಡುತ್ತಾರೆ.

ಮೂರನೆಯದು ನನ್ನ ಕಾಲದ ಹಾಡನ್ನು ಹೊಸದಾಗಿ ತೊಳೆದು ಬಿಟ್ಟದ್ದು. ಸೊಪ್ಪು ತೊಳೆದಂತೆ ತೊಳೆದಿದ್ದಾರೆ, ಮಣ್ಣಿನ ಜೊತೆಗೆ ರುಚಿಯೂ ಹೋಗಿದೆ. ಟೇಪಿನ ಆ ಸ್‌ಸ್‌ಸ್ ಎಂಬ ಉಸಿರು ಇಲ್ಲದಿದ್ದರೆ ಆ ಸಂಗೀತಕ್ಕೆ ಜೀವವೆಲ್ಲಿ? ನನ್ನ ಜರ್ಮನಿ ಕ್ಯಾಸೆಟ್ಟಿನ ಕಥೆ ನಿನಗೆ ಬಾಯಿಪಾಠ. ಎಂಬತ್ತನಾಲ್ಕರಲ್ಲಿ ಸಕ್ಕರೆ ಕಾರ್ಖಾನೆಗೆ ಟರ್ಬೈನ್ ಜೋಡಿಸಲು ಬಂದ ಬಿಳಿಯ ಇಂಜಿನಿಯರ್ ಒಬ್ಬ ನನ್ನ ಅಂಗಡಿಗೆ ಟೇಪು ರಿಪೇರಿಗೆ ಕೊಟ್ಟು, ಒಳಗಿನ ಕ್ಯಾಸೆಟ್ ಮರೆತು ಹೋದ. ಮೇಲೆ ಹೆಸರಿಲ್ಲ, ಚೀಟಿಯಿಲ್ಲ. ಹಾಕಿದೆ. ಹಾಡುವವರಿಲ್ಲ, ಬಾರಿಸುವವರಿಲ್ಲ, ಯಾವುದೋ ಯಂತ್ರ ತನ್ನಷ್ಟಕ್ಕೆ ಯೋಚನೆ ಮಾಡುತ್ತಿತ್ತು. ದಾರಿಯಲ್ಲಿ ಹೋಗುವವರು ಒಳಗೆ ಇಣುಕಿ, "ಏ ಸಿದರಾಯಾ, ರೇಡಿಯೋ ಕೆಟ್ಟೈತೇನೋ ಮಾರಾಯಾ?" ಎಂದು ಕೇಳುತ್ತಿದ್ದರು. ಕೆಟ್ಟದ್ದು ನಾನು. ಇಪ್ಪತ್ತೊಂದು ವರ್ಷದ ಹುಡುಗ, ಅವತ್ತೇ ಕೆಟ್ಟೆ.

ಆಯಿತು. ಇನ್ನು ನಾಲ್ಕನೆಯದು, ನಿನ್ನದು.

ಹುಟ್ಟುಹಬ್ಬದ ಕಾರ್ಡಿನೊಳಗೆ ಕೂಗುವ ಬಿಲ್ಲೆಯನ್ನು ಕಿತ್ತು, ಮೇಣ ಹಚ್ಚಿ, ನೀರಿಗಿಳಿಸುವ ಮೈಕು ಮಾಡುವುದನ್ನು ನಿನಗೆ ಕಲಿಸಿದವನು ನಾನೇ. ನಮ್ಮ ಹಾಳು ಹೊಂಡದಲ್ಲಿ ಕಪ್ಪೆಯ ಸದ್ದು ಹಿಡಿಯಲಿ ಎಂದು ಕಲಿಸಿದೆ. ನೀನು ಸುಭಾಷನನ್ನು ಕಾಡಿ, ಹರಗೋಲು ಹಿಡಿಸಿ, ಬೀಳಗಿಯ ಆಚೆ ಅಣೆಕಟ್ಟಿನ ಹಿನ್ನೀರಿನ ನಡುವೆ, ನಮ್ಮ ಹಳೆಯ ಊರು ಮುಳುಗಿದಲ್ಲಿ ಅದನ್ನು ಇಳಿಸುತ್ತೀ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಮೂವತ್ತೆಂಟು ನಿಮಿಷ. ಎಲ್ಲೂ ಕತ್ತರಿಸಿಲ್ಲ, ಏನೂ ಸೇರಿಸಿಲ್ಲ ಎಂದು ಎರಡು ಸಲ ಬರೆದಿದ್ದೀ. "ದೊಡ್ಡಪ್ಪಾ, ನೀರಾಗ ಇಂಥಾ ಬೀಟ್ ಎಲ್ಲಿಂದ ಬಂತೋ ನನಗೂ ತಿಳೀಲಿಲ್ಲ. ಹನ್ನೊಂದು ಹೊಡತ, ಒಂದು ಫಟ್. ಮತ್ತ ಹನ್ನೊಂದು, ಒಂದು ಫಟ್. ಹನ್ನೊಂದರ ತಾಳ ಯಾರ ಹಾಕ್ತಾರ ಹೇಳ?"

ಯಾರು ಹಾಕುತ್ತಾರೆ ಎಂದು ನನಗೆ ಗೊತ್ತು.

ಮೊದಲ ಸಲ ಸೋಮವಾರ ಮಧ್ಯಾಹ್ನ ಊಟವಾದ ಮೇಲೆ ಅಂಗಡಿಯಲ್ಲಿ ಕೇಳಿದೆ. ಎರಡು ನಿಮಿಷ ಬರೀ ನೀರು. ಆಮೇಲೆ ದೂರದಿಂದ ಕುಕ್, ಕುಕ್, ಕುಕ್. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಹೆಡ್‌ಫೋನ್ ಕಿತ್ತು ಬಾಗಿಲ ಕಡೆ ನೋಡಿದೆ. ಬಾಗಿಲಲ್ಲಿ ಯಾರೂ ಇಲ್ಲ. ನನ್ನ ನಾಯಿ ಕಾಲು ಚಾಚಿ ಮಲಗಿತ್ತು, ಕಿವಿ ಸಹ ಅಲ್ಲಾಡಿಸಲಿಲ್ಲ. ಹೊರಗೆ ಬಿಸಿಲು, ಟ್ರ್ಯಾಕ್ಟರು, ಚಹಾದ ಅಂಗಡಿಯ ಗದ್ದಲ.

ನೀನು ಹುಟ್ಟುವ ಹೊತ್ತಿಗೆ ಎಲ್ಲ ಕಡೆ ಕರೆಂಟಿನ ಗಿರಣಿ ಬಂದಿತ್ತು, ಹಾಗಾಗಿ ನಿನಗೆ ಬಿಡಿಸಿ ಹೇಳಬೇಕು. ಡೀಸೆಲ್ ಗಿರಣಿಯ ಹೊಗೆಕೊಳವೆಯ ಬಾಯಿಗೆ ಒಂದು ತೂತಿನ ಕೊಡ ಕೂರಿಸುತ್ತಿದ್ದರು. ಎಂಜಿನ್ ಉಸಿರು ಬಿಟ್ಟಾಗಲೆಲ್ಲ ಆ ಕೊಡ ಕುಕ್ ಎಂದು ಮೂರು ಊರಿಗೆ ಕೇಳುವಂತೆ ಕೂಗುತ್ತಿತ್ತು. ಕೂಗು ಕೇಳಿದರೆ ಗಿರಣಿ ಚಾಲೂ ಇದೆ, ಹೆಂಗಸರು ಜೋಳದ ಬುಟ್ಟಿ ಹೊತ್ತು ಹೊರಡಬಹುದು. ನಿಂತರೆ ನಿಂತಿತು. ಒಂದೊಂದು ಗಿರಣಿಗೆ ಒಂದೊಂದು ಕೂಗು. ಕಣ್ಣು ಮುಚ್ಚಿ ಯಾವ ಊರಿನದೆಂದು ಹೇಳಬಹುದಾಗಿತ್ತು. ನಮ್ಮ ಗಿರಣಿಯ ಕೊಡವನ್ನು ಆರಿಸಿದವನು ನಾನು. ಜರ್ಮನಿ ಕ್ಯಾಸೆಟ್ಟಿನ ಮೊದಲ ಸ್ವರ ಯಾವುದಿತ್ತೋ ಅದೇ ಬರಬೇಕೆಂದು ನಾಲ್ಕು ತಾಮ್ರದ ಕೊಡ ಹಾಳು ಮಾಡಿದೆ. ನಿನ್ನ ಅಜ್ಜ, "ಹಿಟ್ಟ ಬೀಸೂ ಗಿರಣಿಗೆ ಸಂಗೀತ ಕಲಸ್ತೀಯೇನಲೇ ಹುಚ್ಚಪ್ಯಾಲಿ" ಎಂದು ಅಟ್ಟಿಸಿಕೊಂಡು ಬಂದಿದ್ದರು. ಕೊನೆಗೆ ಬಂತು ಆ ಸ್ವರ. ಕೇಳಿದರೆ ಈಗಲೂ ಗುರುತು ಹಿಡಿಯುತ್ತೇನೆ.

ಇನ್ನು ಆ ಫಟ್. ಎಂಜಿನ್ನಿನಿಂದ ಬೀಸುವ ಕಲ್ಲಿಗೆ ಹೋಗುವ ಪಟ್ಟಾ ಹರಿದಿತ್ತು. ನಿನ್ನ ಅಪ್ಪ ಲಗಮಣ್ಣ ಅದನ್ನು ತೊಗಲಿನ ದಾರದಿಂದ ಹೊಲಿದು ಒಂದು ದಪ್ಪ ಗಂಟು ಹಾಕಿದ್ದ. ಗಂಟು ಗಾಲಿಯ ಮೇಲೆ ಬಂದಾಗಲೆಲ್ಲ ಫಟ್. ಹನ್ನೊಂದು ಕುಕ್ಕಿಗೆ ಒಂದು ಫಟ್. ಗಿರಣಿ ನಡೆಸುತ್ತ ನಡೆಸುತ್ತ ಅವನಿಗೆ ಹನ್ನೊಂದು ಎಂಬುದು ಮೈಗೆ ಹತ್ತಿತ್ತು. ಊಟದ ತಟ್ಟೆಯ ಮೇಲೆ ಬೆರಳು ಬಡಿದರೂ ಹನ್ನೊಂದಕ್ಕೆ ನಿಲ್ಲಿಸುತ್ತಿದ್ದ.

ಜಾಕ್‌ವೆಲ್ಲಿನ ನೀರೆತ್ತುವ ಪಂಪು ಇರಬೇಕು, ಮೀನುಗಾರರ ಡೀಸೆಲ್ ದೋಣಿ ಇರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬೇರೆಯವರಿಗೆ ಏನು ಕೇಳಿಸುತ್ತದೋ ನೋಡೋಣ ಎಂದು ಎರಡನೆಯ ಸಲ ಹೆಡ್‌ಫೋನ್ ಇಲ್ಲದೆ ಸ್ಪೀಕರಿಗೆ ಹಾಕಿದೆ. ನಿಯಮ ಮುರಿದೆ, ಬೈದುಕೋ. ರನ್ನ ಬೆಳಗಲಿಯ ಸೋಮವ್ವ ಎಂಬ ಮುದುಕಿ ಮಿಕ್ಸರ್ ರಿಪೇರಿಗೆ ಬಂದು ಕುಳಿತಿದ್ದಳು. ಅದು ಏನೆಂದು ನಾನು ಅವಳಿಗೆ ಹೇಳಿರಲಿಲ್ಲ. ಐದು ನಿಮಿಷ ಕೇಳಿ, ಸೆರಗಿನಿಂದ ಮೂಗು ಒರೆಸಿಕೊಂಡು, "ಎಪ್ಪಾ, ಯಾವ ಊರ ಗಿರಣಿ ಇದು? ಬಿಸಿ ಹಿಟ್ಟಿನ ವಾಸನಿ ಬರಾಕತ್ತೈತಲ್ಲ!" ಎಂದಳು. ನನಗೂ ಬರುತ್ತಿತ್ತು. ಅವಳು ಹೇಳುವ ತನಕ ನಾನು ಒಪ್ಪಿಕೊಂಡಿರಲಿಲ್ಲ ಅಷ್ಟೇ.

ಕಾವ್ಯಾ, ಆ ನೀರಿನಡಿಯಲ್ಲಿ ಎಂಜಿನ್ ಇಲ್ಲ. ಇಪ್ಪತ್ಮೂರು ವರ್ಷದ ಹಿಂದೆ, ಬೇಸಿಗೆಯಲ್ಲಿ ನೀರು ಇಳಿದಾಗ, ನಾನೇ ಅದನ್ನು ಎತ್ತಿಸಿ ಗುಜರಿಗೆ ಹಾಕಿದೆ. ಕೊಡವಿಲ್ಲ, ಪಟ್ಟಾ ಇಲ್ಲ, ಗೋಡೆಯೂ ಕರಗಿ ಹೋಗಿದೆ. ಕುಕ್ ಎನ್ನಲು ಅಲ್ಲಿ ಏನೂ ಉಳಿದಿಲ್ಲ.

ಮೂರನೆಯ ಸಲ ನಿನ್ನೆ ಕೇಳಿದೆ, ಪೂರ್ತಿ. ಮೊದಲೆರಡು ಸಲ ಇಪ್ಪತ್ತು ನಿಮಿಷ ದಾಟಿರಲಿಲ್ಲ. ಇಪ್ಪತ್ತಾರನೆಯ ನಿಮಿಷಕ್ಕೆ ಗಿರಣಿ ಎರಡು ಸಲ ತಡವರಿಸಿ ನಿಲ್ಲುತ್ತದೆ. ಆಮೇಲೆ ಅದೇ ಕೊಡದ ಮೇಲೆ ಬೇರೆ ಬಡಿತ, ನಟ್ಟು ಬಿಚ್ಚುವ ಪಾನಾದಿಂದ ಬಡಿದಂತೆ. ನಿನ್ನ ಕಾಗದದಲ್ಲಿ ಅಲ್ಲಿ ನೀನು ಎಷ್ಟು ಖುಷಿಯಿಂದ ಬರೆದಿದ್ದೀ: "ಇಲ್ಲಿ ಮಿಷಿನ್ ಹೋಗಿ ಮನಷ್ಯಾ ಬರ್ತಾನ ನೋಡ ದೊಡ್ಡಪ್ಪಾ!" ಹೌದು, ಬರುತ್ತಾನೆ. ಹನ್ನೊಂದು ಸಲ ಬಡಿಯುತ್ತಾನೆ, ನಿಲ್ಲಿಸುತ್ತಾನೆ, ಯಾರಾದರೂ ಉತ್ತರ ಕೊಡಲಿ ಎಂದು ಕಾಯುವಷ್ಟು ಹೊತ್ತು. ಮತ್ತೆ ಹನ್ನೊಂದು. ಹನ್ನೆರಡು ನಿಮಿಷ ಹೀಗೆ. ಕೈ ಸೋಲುತ್ತ ಬರುವುದು ಕೇಳಿಸುತ್ತದೆ. ಕೊನೆಯ ಸಲ ಏಳಕ್ಕೆ ನಿಲ್ಲುತ್ತದೆ. ಇದಕ್ಕಿಂತ ಒಳ್ಳೆಯ ಮುಕ್ತಾಯ ನಾನು ಕೂತು ಮಾಡಿದ್ದರೂ ಆಗುತ್ತಿರಲಿಲ್ಲ ಎಂದು ಬರೆದಿದ್ದೀಯಲ್ಲ ಮಗಳೇ, ಅದನ್ನು ಓದಿ ನಾನು ಅಂಗಡಿಯ ಶಟರ್ ಎಳೆದು ಒಳಗೆ ಕುಳಿತುಬಿಟ್ಟೆ.

ನನ್ನ ಹತ್ತಿರ ಆ ಗಿರಣಿಯ ಒಂದು ಕ್ಯಾಸೆಟ್ ಇದೆ. ನಾನೇ ಹಿಡಿದದ್ದು. ಅದರಿಂದ ನೀನು ಕದ್ದಿರಬಹುದೇ ಎಂದು ಒಂದು ಗಳಿಗೆ ಅನ್ನಿಸಿತು, ದೇವರಾಣೆ ಹಾಗಾಗಿದ್ದರೆ ಎಷ್ಟು ಹಗುರಾಗುತ್ತಿತ್ತು! ಆದರೆ ಈ ಕೈಬಡಿತ ಆ ಕ್ಯಾಸೆಟ್ಟಿನಲ್ಲಿ ಇಲ್ಲ. ಅದು ನಾನು ಎಂದೂ ಕೇಳದ ಸದ್ದು. ಅವತ್ತು ಕೇಳಬೇಕಾಗಿದ್ದ ಸದ್ದು.

ಎರಡು ಸಾವಿರದ ಒಂದು, ಸೆಪ್ಟೆಂಬರ್. ಊರು ಖಾಲಿಯಾಗಿತ್ತು, ನೀವೆಲ್ಲ ಈಗ ಹೊಸ ಊರು ಎನ್ನುವ ಜಾಗದಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದೆವು. ಗಿರಣಿ ದಿಬ್ಬದ ಮೇಲಿತ್ತು, ಹಾಗಾಗಿ ಸುತ್ತ ನೀರು ಬಂದರೂ ಅದು ನಡುಗಡ್ಡೆಯಾಗಿ ನಿಂತಿತ್ತು. ಎಂಜಿನ್ ಬಿಚ್ಚಿ ತರಬೇಕೆಂದು ಅಣ್ಣ ತಮ್ಮ ಇಬ್ಬರೂ ಹರಗೋಲಿನಲ್ಲಿ ಹೋದೆವು. ಲಗಮಣ್ಣ ಪಾನಾ ಹಿಡಿದು ನಟ್ಟಿಗೆ ಕೈ ಹಾಕಿದ್ದ. ನಾನು ತಡೆದೆ. ಕೊನೆಯ ಸಲ ಒಮ್ಮೆ ನಡೆಸು, ರೆಕಾರ್ಡು ಮಾಡಿಕೊಳ್ಳುತ್ತೇನೆ, ಇಂಥ ಸದ್ದು ಇನ್ನು ಲೋಕದಲ್ಲಿ ಇರುವುದಿಲ್ಲ ಎಂದೆ. ಅವನು ನಕ್ಕ. "ನಿನ್ನ ಹುಚ್ಚಿಗೆ ನಾ ಎಂದರ ಇಲ್ಲ ಅಂದೇನೇನಣ್ಣಾ? ಡೀಸೆಲ್ ಇರೂತನಕ ನಡಸ್ತೀನಿ. ನಿಂತಕೂಡ್ಲೆ ಹರಗೋಲ ತಗೊಂಡ ಬಾ" ಎಂದ. ಅವನಿಗೆ ಈಜು ಬರುತ್ತಿರಲಿಲ್ಲ.

ಗಿರಣಿಯ ಪಕ್ಕ ನಿಂತು ಕ್ಯಾಸೆಟ್ಟಿನ ಎರಡೂ ಮಗ್ಗುಲು ತುಂಬುವ ತನಕ ಹಿಡಿದೆ. ಆಮೇಲೆ ನೀರಿನ ಮೇಲೆ ತೇಲಿ ಬರುವ ಸದ್ದು ಹಿಡಿಯಬೇಕೆಂದು ಹರಗೋಲು ತೆಗೆದುಕೊಂಡು ದಂಡೆಗೆ ಬಂದು, ಹುಣಸೆ ತೋಪಿನ ಹಿಂದೆ ಕುಳಿತೆ. ಜಿಟಿಜಿಟಿ ಮಳೆ, ಯಂತ್ರ ನೆನೆಯಬಾರದೆಂದು ತಲೆಯ ಮೇಲೆ ಪ್ಲಾಸ್ಟಿಕ್ಕಿನ ಕೊಪ್ಪೆ. ಕೊಪ್ಪೆಯೊಳಗೆ ಹೆಡ್‌ಫೋನ್. ನನ್ನ ವಾಕ್‌ಮನ್ನಿನಲ್ಲಿ ಒಂದು ಗುಂಡಿ ಒತ್ತಿದರೆ ಮೈಕು ದೂರದ ಸದ್ದನ್ನು ಎಳೆದು ಕಿವಿಗೆ ಹಾಕುತ್ತಿತ್ತು. ಅದರ ಪಕ್ಕದ್ದು ಒತ್ತಿದರೆ ಹಿಡಿದದ್ದನ್ನು ತಿರುಗಿ ನುಡಿಸುತ್ತಿತ್ತು, ಒಂದು ಮಗ್ಗುಲು ಮುಗಿದರೆ ತಾನೇ ಮಗುಚಿಕೊಂಡು. ಸರಿಯಾಗಿ ಬಂದಿದೆಯೋ ನೋಡೋಣ ಎಂದು ಎರಡನೆಯ ಗುಂಡಿ ಒತ್ತಿದೆ. ಒತ್ತಿದ್ದನ್ನು ಮರೆತೆ. ಎರಡರಲ್ಲೂ ಅದೇ ಗಿರಣಿ, ಅದೇ ಕುಕ್, ಅದೇ ಫಟ್. ಗಿರಣಿ ನಡೆಯುತ್ತಿದೆ, ತಮ್ಮ ಇದ್ದಾನೆ ಎಂದು ಕಣ್ಣು ಮುಚ್ಚಿ ತಲೆದೂಗುತ್ತ ಕುಳಿತಿದ್ದೆ. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಎಂಜಿನ್ನಿಗೆ ನೀರು ಹೊಕ್ಕು ಗಿರಣಿ ಯಾವಾಗಲೋ ನಿಂತಿತ್ತು, ನನ್ನ ಕಿವಿಯಲ್ಲಿ ಮಾತ್ರ ನಡೆಯುತ್ತಿತ್ತು.

ಮುಸ್ಸಂಜೆಗೆ ಹರಗೋಲು ಹಾಕಿಕೊಂಡು ಹೋದೆ. ದಿಬ್ಬ ಇರಲಿಲ್ಲ. ಹೊಗೆಕೊಳವೆಯ ತುದಿಯಲ್ಲಿ ಕೊಡವೊಂದೇ ನೀರಿನ ಮೇಲೆ ಕಾಣುತ್ತಿತ್ತು.

ಇಲ್ಲಿಯವರೆಗಿನದು ತಪ್ಪು. ಇಲ್ಲಿಂದ ಮುಂದಿನದು ಪಾಪ. ಮನೆಗೆ ಬಂದು ನಾನು ಏನು ಹೇಳಿದೆ ಎಂದು ನೀನು ಹುಟ್ಟಿದಾಗಿನಿಂದ ಕೇಳಿದ್ದೀ. ಲಗಮಣ್ಣ ಬೀಳಗಿ ಕ್ರಾಸಿನಲ್ಲಿ ಲಾರಿ ಹತ್ತಿದ, ನಾನೇ ಕಣ್ಣಾರೆ ನೋಡಿದೆ, ಪುಣೆಗೆ ಹೋಗುತ್ತೇನೆ ಎಂದ. ಹಿಂದಿನ ವಾರ ಗಂಡ ಹೆಂಡತಿಗೆ ಜಗಳವಾಗಿತ್ತು, ಎಲ್ಲರಿಗೂ ಗೊತ್ತಿತ್ತು, ನಂಬಿದರು. ಒಬ್ಬರಿಬ್ಬರು ಹಿರಿಯರು ನೀರಿನಲ್ಲಿ ಹುಡುಕೋಣ ಎಂದಾಗ ಹಾಲವ್ವ ತಾನೇ ಮುಂದೆ ಬಂದು, "ನಾ ನನ್ನ ಕಿವೀಲೆ ಕೇಳೇನ್ರಿ, ಸಂಜಿ ತನಕ ಗಿರಣಿ ನಡದಿತ್ತು. ಅವರಿಗೇನೂ ಆಗಿಲ್ಲ, ಸಿಟ್ಟಿಲೆ ಹೋಗ್ಯಾರ, ಬರ್ತಾರ" ಎಂದು ಆಣೆಯಿಟ್ಟು ಹೇಳಿದಳು. ಆ ಮಾತಿನ ಮೇಲೆ ಯಾರೂ ನೀರಿಗಿಳಿಯಲಿಲ್ಲ. ಇವತ್ತಿಗೂ ಹಾಗೇ ಹೇಳುತ್ತಾಳೆ, ನೀನೂ ಕೇಳಿದ್ದೀ.

ಮರುವರ್ಷ ನೀರು ಇಳಿದಾಗ ಮೊದಲು ನಾನೊಬ್ಬನೇ ಹೋದೆ. ಗಿರಣಿಯ ಗುಂಡಿಯ ಹೂಳಿನಲ್ಲಿ ಅವನಿದ್ದ. ಹೇಗಿದ್ದ ಎಂದು ಕೇಳಬೇಡ. ಸೊಂಟದ ಬೆಳ್ಳಿಯ ಉಡದಾರದಿಂದ ಗುರುತು ಹಿಡಿದೆ. ದಿಬ್ಬದ ಮಗ್ಗುಲಲ್ಲೇ ಮಣ್ಣು ಅಗೆದು, ವಿಭೂತಿ ಹಚ್ಚಿ, ನನಗೆ ತಿಳಿದಷ್ಟು ಮಂತ್ರ ಹೇಳಿ ಸಮಾಧಿ ಮಾಡಿದೆ. ಮಳೆಗಾಲಕ್ಕೆ ಅದರ ಮೇಲೂ ನೀರು ಬಂತು. ಎಂಜಿನ್ ಎತ್ತಲು ಆಳು ಕರೆದುಕೊಂಡು ಹೋದದ್ದು ಆಮೇಲೆ.

ಆಗ ಬಂದು ಹೇಳಬಹುದಿತ್ತು. ನೀನು ಆರು ತಿಂ‌ಗಳ ಕೂಸು, ಹಾಲವ್ವ ತವರಿಗೆ ಬನಹಟ್ಟಿಗೆ ಹೋಗಿದ್ದಳು. ನಾಳೆ ಹೇಳುತ್ತೇನೆ ಎಂದುಕೊಂಡೆ. ನಾಳೆ ನಾಳೆ ಎನ್ನುತ್ತ ಇಪ್ಪತ್ಮೂರು ವರ್ಷ. ಅವಳು ಇವತ್ತಿಗೂ ಕುಂಕುಮ ಇಟ್ಟು, ಬಳೆ ತೊಟ್ಟು, ಮಗ್ಗದ ಶೆಡ್ಡಿನಲ್ಲಿ ನೂಲಿನ ಕಂಡಿಕೆ ಸುತ್ತುತ್ತಾಳೆ. ಗಂಡ ಬಿಟ್ಟಾಕಿ ಎಂದು ಹಿಂದಿನಿಂದ ಆಡಿಕೊಳ್ಳುವವರ ಮುಂದೆ ತಲೆಯೆತ್ತಿ ನಡೆಯುತ್ತಾಳೆ. ರೇಷನ್ ಕಾರ್ಡಿಗೆ ಬೆರಳಚ್ಚು ಕೊಡದವರ ಹೆಸರು ತೆಗೆಯುತ್ತೇವೆ ಎಂದಾಗ ಮೂರು ಸಲ ಕಚೇರಿಗೆ ಹೋಗಿ, ಬಂದ ಮೇಲೆ ಕೊಡ್ತಾರ್ರಿ, ತಗೀಬ್ಯಾಡ್ರಿ ಎಂದು ಜಗಳಾಡಿದಳು. ಜೊತೆಗೆ ಹೋಗಿದ್ದವನು ನಾನು! ಪಕ್ಕದಲ್ಲಿ ಬಾಯಿ ಮುಚ್ಚಿ ನಿಂತಿದ್ದೆ. ನೀನು ಹತ್ತನೆಯ ತರಗತಿಯಲ್ಲಿದ್ದಾಗ, "ಅಂವ ಸತ್ತಿದ್ರ ಛಲೋ ಆಕ್ಕಿತ್ತು ದೊಡ್ಡಪ್ಪಾ, ಫಾರ್ಮಿನಾಗ ಬರಿಯೂದರ ಸುಲಭ ಆಕ್ಕಿತ್ತು" ಎಂದು ಅತ್ತೆಯಲ್ಲ, ಅವತ್ತೂ ಬಾಯಿ ಬಿಡಲಿಲ್ಲ. ಮರುದಿನ ಹೋಗಿ ನಿನಗೊಂದು ಹೆಡ್‌ಫೋನ್ ತಂದುಕೊಟ್ಟೆ. ಅಪ್ಪನ ಬದಲಿಗೆ ಹೆಡ್‌ಫೋನ್. ನಾಚಿಕೆಗೇಡಿ ನಾನು.

ನಿನ್ನ ಅಪ್ಪ ನಿಮ್ಮನ್ನು ಬಿಟ್ಟು ಹೋಗಲಿಲ್ಲ ಕಾವ್ಯಾ. ಅಣ್ಣ ಬರುತ್ತಾನೆ ಎಂದು ಕಾದ.

ಉಪ್ಪು ತಿಂದವನು ನೀರು ಕುಡಿಯಬೇಕು. ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬನಹಟ್ಟಿಗೆ ಹೋಗಿ ಹಾಲವ್ವನ ಮುಂದೆ ಕುಳಿತು ಎಲ್ಲ ಹೇಳುತ್ತೇನೆ. ನೀನೂ ಬಾ. ಅವಳು ಹೊಡೆದರೆ ತಡೆಯಬೇಡ, ಅತ್ತರೆ ಹಿಡಿದುಕೋ. ಈ ಪತ್ರದ ಜೊತೆ ವಾಪಸು ಕಳಿಸುತ್ತಿರುವ ಡಬ್ಬಿಯ ತಳದಲ್ಲಿ ಹತ್ತಿಯ ಬಟ್ಟೆಯಲ್ಲಿ ಉಡದಾರ ಕಟ್ಟಿ ಇಟ್ಟಿದ್ದೇನೆ, ಇಷ್ಟು ವರ್ಷ ಅಂಗಡಿಯ ತಂತಿ ಕಾಯಿಲ್ ಡಬ್ಬಿಯಲ್ಲಿತ್ತು. ಭಾನುವಾರ ಆ ಹಾಡು ಕೇಳಿಸುವುದೋ ಬಿಡುವುದೋ ಅವಳು ಹೇಳಿದಂತೆ ಮಾಡು, ನಾನು ಹೇಳಲು ಹಕ್ಕಿಲ್ಲ. ಇನ್ನೊಮ್ಮೆ ಹರಗೋಲು ಹತ್ತಬೇಡ. ಸುಭಾಷನಿಗೂ ನಾನು ಹೇಳಿದ್ದೇನೆ.

ಹಾಡು ಹೇಗಿದೆ ಎಂದು ಕೇಳಿದ್ದೆಯಲ್ಲ. ನಲವತ್ತು ವರ್ಷದಲ್ಲಿ ನಾನು ಕೇಳಿದ್ದರಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ. ಯಾರಿಗೂ ಶಿಫಾರಸು ಮಾಡಲಾರೆ.

ದೊಡ್ಡಪ್ಪ ಎಂದು ಕರೆಯುವುದು ಬಿಡುವುದು ನಿನಗೆ ಬಿಟ್ಟವನು,
ಸಿದರಾಯ

ತಾ.ಕ. ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಹಾಲವ್ವ ಸಂಜೆಯ ತನಕ ಗಿರಣಿ ಕೇಳಿದೆ ಎನ್ನುತ್ತಾಳಲ್ಲ, ಹೇಗೆ ಕೇಳಿದಳು ಎಂದು ಮೇಲೆ ಬರೆಯಲಿಲ್ಲ. ಅವತ್ತು ನಾಲ್ಕು ಗಂಟೆಯ ಸುಮಾರಿಗೆ ಅವಳು ಕೆಸರು ತುಳಿಯುತ್ತ ನನ್ನ ಹತ್ತಿರ ಬಂದಿದ್ದಳು, ನೀನು ಹೊಟ್ಟೆಯಲ್ಲಿ ಏಳು ತಿಂಗಳು. ಕೊಪ್ಪೆ ಸರಿಸಿ, "ಭಾವಾರ, ಗಿರಣಿ ನಿಂತೈತ್ರಿ. ಯಾರೋ ಕೊಡ ಬಡದಂಗ ಕೇಳಾಕತ್ತೈತಿ" ಎಂದಳು. ನಾನು ಹೆಡ್‌ಫೋನ್ ತೆಗೆದು ಯಂತ್ರ ನೋಡಿದೆ. ಒತ್ತಿದ್ದು ಎರಡನೆಯ ಗುಂಡಿ. ಆ ಗಳಿಗೆಗೇ ನನಗೆ ಎಲ್ಲ ತಿಳಿಯಿತು. ತಿಳಿದೂ, ಇವಳ ಮುಂದೆ ಮರ್ಯಾದೆ ಹೋಗುತ್ತದಲ್ಲ, ಇವಳನ್ನು ಕಳಿಸಿ ಆಮೇಲೆ ಹರಗೋಲು ಹಾಕಿದರಾಯಿತು ಎಂದು, ಹೆಡ್‌ಫೋನನ್ನು ಅವಳ ಕಿವಿಗೆ ಇಟ್ಟೆ. ಈ ಮಿಷಿನ್ ದೂರದ್ದು ಎಳೀತೈತಿ, ಕೇಳು, ನಡದೈತಿ ಎಂದೆ. ಅವಳು ಎರಡೂ ಕೈಯಿಂದ ಕಿವಿ ಒತ್ತಿಕೊಂಡು ಬಹಳ ಹೊತ್ತು ಕೇಳಿದಳು. ಮುಖ ಅರಳಿತು. "ಹೌದ್ರೀ ಭಾವಾರ, ನಡದೈತಿ. ನನ್ನ ಕಿವೀನ ಕೆಟ್ಟಾವ" ಎಂದು ನಕ್ಕು, ಶೆಡ್ಡಿಗೆ ತಿರುಗಿ ಹೋದಳು. ಅವಳ ಕಿವಿ ಮುಚ್ಚಿದ್ದಷ್ಟು ಹೊತ್ತು ನನ್ನ ಕಿವಿ ತೆರೆದಿತ್ತು. ಕೈಬಡಿತವನ್ನು ನಾನು ಎಂದೂ ಕೇಳಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಕೇಳಿದ್ದೇನೆ. ಏಳನೆಯ ಬಡಿತಕ್ಕೆ ನಿಂತಿತು.